ಚಳಿಗಾಲದಲ್ಲಿ ಹೊರಗೋಡೆಗೆ ಸುಣ್ಣ-ಬಣ್ಣ



ಪುಷ್ಯಮಾಸದ ಚಳಿ, ಮೈಮೇಲೆ ಕಣದ ಕೆಲಸ. ಇಂಥ ಹೊತ್ತಿನಲ್ಲಿ ಇವನು ಗೋಡೆಯ ಮಾತು ಯಾಕೆ ತೆಗೆದ ಅಂತ ನೀವು ಕೇಳಬಹುದು. ಆದರೆ ಸ್ವಾಮಿ, ನಮ್ಮ ಹಳ್ಳಿಗಳಲ್ಲಿ ಗೋಡೆಗೆ ಕೈ ಹಾಕುವ ಕಾಲವೇ ಇದು. ದೀಪಾವಳಿಗೆ ಸುಣ್ಣ ಹೊಡೆಯೋಣವೆಂದರೆ ಬೆಳೆ ಇನ್ನೂ ಹೊಲದಲ್ಲೇ ಇರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ, ಗೋಡೆ ಕುಡಿದ ಮಳೆನೀರೂ ಆರಿರುವುದಿಲ್ಲ. ರಾಗಿಯೋ ಭತ್ತವೋ ಮನೆಗೆ ಬಂದು ನಾಲ್ಕು ಕಾಸು ಓಡಾಡುವುದು ಈಗ. ಸಂಕ್ರಾಂತಿ ಎದುರಿಗೇ ಇದೆ. ಮಾಘ ಹುಟ್ಟಿತೆಂದರೆ ಮದುವೆಗಳು ಶುರು. ನೆಂಟರು ಬರುವ ಮುಂಚೆ ಮನೆ ಬೆಳ್ಳಗೆ ಕಾಣಲಿ ಎಂದು ಯಾರಿಗೆ ಆಸೆಯಿಲ್ಲ? ಹೀಗಾಗಿ ವರುಷದಲ್ಲಿ ಅತಿ ಹೆಚ್ಚು ಇಬ್ಬನಿ ಬೀಳುವ ದಿನಗಳಲ್ಲೇ ನಾವು ಹೊರಗೋಡೆಗೆ ಬಣ್ಣ ಬಳಿಯುತ್ತೇವೆ.

ನಾನು ಹೇಳಬೇಕಾದ ಮಾತು ಇಷ್ಟೇ. ನಮ್ಮ ಸೀಮೆಯಲ್ಲಿ ಚಳಿಗಾಲದ ಬಣ್ಣ ಕೆಡುವುದು ಬಹುಮಟ್ಟಿಗೆ ಚಳಿಯಿಂದಲ್ಲ, ಇಬ್ಬನಿಯಿಂದ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ 10 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಕ್ಕೂ ಇಳಿಯುವುದುಂಟು, ನಿಜ. ಆದರೆ ಮಧ್ಯಾಹ್ನದ ಹೊತ್ತಿಗೆ ಅಲ್ಲಿಯೂ ಅಂಗಿ ಕಳಚುವಷ್ಟು ಬಿಸಿಲು ಬರುತ್ತದೆ. ಹಗಲಿನಲ್ಲಿ ಕೆಲಸಕ್ಕೆ ಬೇಕಾದ ಶಾಖ ಇದ್ದೇ ಇದೆ. ಆ ಹಗಲನ್ನು ಸರಿಯಾಗಿ ಅಳೆದುಕೊಳ್ಳುವುದರಲ್ಲಿ ನಾವು ತಪ್ಪುತ್ತೇವೆ.

ತಪ್ಪಿದವರಲ್ಲಿ ನಾನೂ ಒಬ್ಬ. ನಮ್ಮ ತಂಗಿಯ ಮದುವೆ ಮಾಘದಲ್ಲಿ ಗೊತ್ತಾಗಿತ್ತು. ನಮ್ಮದು ಮಣ್ಣಿನ ಗೋಡೆಯ ಹಳೆಯ ಮನೆ. ತಾತನ ಕಾಲದಿಂದ ಸುಣ್ಣವನ್ನು ಬಿಟ್ಟು ಬೇರೆ ಕಂಡಿದ್ದಲ್ಲ. ಹೆಣ್ಣಿನ ಮದುವೆ, ಈ ಸಲ ಪೇಟೆಯ ಮನೆಗಳ ಹಾಗೆ ಡಬ್ಬಿಯ ಬಣ್ಣವೇ ಆಗಲಿ ಎಂದು ಹಟ ಹಿಡಿದೆ. ಮೂರು ಮೂಟೆ ರಾಗಿ ಮಾರಿದ ಹಣ ಅದಕ್ಕೇ ಹೋಯಿತು. ಮೇಸ್ತ್ರಿ ನಾಲ್ಕು ದಿನ ಬೇಕು ಅಂದ. ನಾನು ಎರಡೇ ದಿನ ಅಂದೆ. ಬೆಳಗ್ಗೆ ಏಳಕ್ಕೇ ಏಣಿ ಹತ್ತಿಸಿದೆ. ಸಂಜೆ ಕತ್ತಲಾದ ಮೇಲೂ ದೀಪ ಹಿಡಿದು ಮಾಡಿಸಿದೆ. ನಮ್ಮ ಸೋದರತ್ತೆ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಇದ್ದವರು, “ಅಲ್ಲ ಕಣಪ್ಪ, ಗೋಡೆ ಬೆವರು ಒಣಗೋಕೆ ಮುಂಚೆ ಕುಂಚ ಮುಟ್ಟಬ್ಯಾಡ. ಹೊತ್ತು ಎಲ್ಲೈತೋ ಅದರ ಹಿಂದೆ ಹೋಗು” ಅಂದರು. “ನೀನು ಸುಮ್ಮನಿರತ್ತೆ, ಇದು ಸುಣ್ಣ ಅಲ್ಲ” ಅಂದುಬಿಟ್ಟೆ.

ಮಾರನೆ ಬೆಳಗ್ಗೆ ಎದ್ದು ನೋಡಿದರೆ ಪಡುವಣ ಗೋಡೆಯ ಮೇಲೆಲ್ಲ ಬೆಲ್ಲದ ಪಾಕ ಇಳಿದ ಹಾಗೆ ಕಂದು ಗೆರೆಗಳು. ಮುಟ್ಟಿದರೆ ಅಂಟು. ತೊಳೆದೆವು, ಮೇಲೆ ಇನ್ನೊಂದು ಸಲ ಬಳಿದೆವು, ಮದುವೆಯೇನೋ ಆಯಿತು. ಯುಗಾದಿಯ ಹೊತ್ತಿಗೆ ಬೆಳಗಿನ ಹೊತ್ತು ಬಳಿದಿದ್ದ ಭಾಗ ಹಪ್ಪಳದ ಹಾಗೆ ಎದ್ದು ನಿಂತಿತು. ಮಳೆಗಾಲ ಬಂತು ನೋಡಿ, ನೆಲದಿಂದ ಒಂದು ಮೊಳದವರೆಗೆ ಬಣ್ಣದ ಜೊತೆಗೆ ಮಣ್ಣಿನ ಗಿಲಾವೂ ಹೆಕ್ಕಳಿಕೆಯಾಗಿ ಕಳಚಿ ಬಿತ್ತು. ಬಣ್ಣದ ಖರ್ಚು ಹೋದರೆ ಹೋಗಲಿ, ಗೋಡೆಯನ್ನೇ ಮೆತ್ತಬೇಕಾಯಿತು. ಇದರಲ್ಲಿ ಮೇಸ್ತ್ರಿಯ ತಪ್ಪು ಕಾಲುಭಾಗ, ಮುಕ್ಕಾಲು ನನ್ನದು.

ಏನಾಗಿತ್ತು ಎಂಬುದನ್ನು ಆಮೇಲೆ ತಿಳಿದವರಿಂದ ಕೇಳಿ ತಿಳಿದುಕೊಂಡೆ. ಆಕಾಶ ನಿರ್ಮಲವಾಗಿರುವ ರಾತ್ರಿಯಲ್ಲಿ ತಗಡು, ಹೆಂಚು, ಗೋಡೆ ಎಲ್ಲವೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುತ್ತವೆ. ಗಾಳಿಯಲ್ಲಿರುವ ನೀರಿನ ಆವಿ ಆ ತಣ್ಣನೆಯ ಮೈಗೆ ತಗುಲಿ ಹನಿಯಾಗುತ್ತದೆ. ಇದೇ ಇಬ್ಬನಿ. ಮೋಡ ಮುಚ್ಚಿದ ರಾತ್ರಿ ಇಬ್ಬನಿ ಕಡಿಮೆ. ಸೂರು ಮುಂದಕ್ಕೆ ಚಾಚಿದ್ದರೆ ಅದರ ಕೆಳಗಿನ ಗೋಡೆಗೂ ಕಡಿಮೆ. ಮಳೆ ಬಂದರೆ ಸದ್ದು ಕೇಳುತ್ತದೆ, ಓಡಿ ಹೋಗಿ ಕೆಲಸ ನಿಲ್ಲಿಸುತ್ತೇವೆ. ಇಬ್ಬನಿ ಸದ್ದು ಮಾಡುವುದಿಲ್ಲ. ಸಂಜೆ ಬಿಸಿಲು ಜಾರಿದ ಕೆಲವೇ ಹೊತ್ತಿನಲ್ಲಿ ಗೋಡೆ ತಣ್ಣಗಾಗಿ ತೇವ ಹಿಡಿಯಲು ಮೊದಲಾಗುತ್ತದೆ, ಕಣ್ಣಿಗೆ ಮಾತ್ರ ಒಣಗಿದ ಹಾಗೇ ಕಾಣುತ್ತದೆ.

ಡಬ್ಬಿಯಲ್ಲಿ ಬರುವ ನೀರುಬಣ್ಣ ಅಂದರೆ ಎಮಲ್ಷನ್. ಅದರೊಳಗೆ ಅತಿ ಸಣ್ಣ ಪ್ಲಾಸ್ಟಿಕ್ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ನೀರು ಆರಿದ ಹಾಗೆಲ್ಲ ಅವು ಒಂದಕ್ಕೊಂದು ಕೂಡಿಕೊಂಡು ಪೊರೆಯಾಗಬೇಕು. ಸಾಮಾನ್ಯವಾಗಿ 10 ಡಿಗ್ರಿಗಿಂತ ತಂಪಿನಲ್ಲಿ ಈ ಕೂಡಿಕೆ ಸರಿಯಾಗಿ ಆಗುವುದಿಲ್ಲ. ಪೊರೆ ಕಟ್ಟುವ ಮುಂಚೆ ಇಬ್ಬನಿ ತಗುಲಿದರೆ ಬಣ್ಣದಲ್ಲಿರುವ ಸಾಬೂನಿನಂಥ ಪದಾರ್ಥಗಳು ಹೊರಗೆ ಬಂದು ಗೆರೆಗಳಾಗಿ ಇಳಿಯುತ್ತವೆ. ನಾನು ಕಂಡ ಪಾಕ ಅದೇ. ನಿಮ್ಮ ಮನೆಯಲ್ಲಿ ಹೀಗಾದರೆ ಗಾಬರಿ ಬೇಡ. ತಡಮಾಡದೆ ಬರಿಯ ನೀರಿನಿಂದ ಮೆಲ್ಲಗೆ ತೊಳೆದರೆ ಬಹುಮಟ್ಟಿಗೆ ಹೋಗುತ್ತದೆ. ಬೇಕಾದರೆ ಇನ್ನೆರಡು ಸಲ ತೊಳೆಯಿರಿ. ತೇವದ ಗೋಡೆಯ ಮೇಲೇ ಬಳಿದ ಬಣ್ಣಕ್ಕೆ ಮಾತ್ರ ಇಂಥ ಮದ್ದಿಲ್ಲ, ಕೆರೆದು ತೆಗೆಯುವುದೇ ಗತಿ.

ಆದ್ದರಿಂದ ಹೊತ್ತನ್ನು ನೋಡಿ ಕೆಲಸ ಮಾಡತಕ್ಕದ್ದು. ಬೆಳಗ್ಗೆ ಹತ್ತು ಗಂಟೆಯವರೆಗೆ ಕೆರೆಯುವುದು, ಗುಡಿಸುವುದು, ಬಿರುಕಿಗೆ ಮೆತ್ತುವುದು ಮಾಡಿಕೊಳ್ಳಿ. ಆಮೇಲೆ ಗೋಡೆಗೆ ಅಂಗೈ ಇಟ್ಟು ನೋಡಿ. ತಣ್ಣಗೆ ಜಿಗುಟಾಗಿದ್ದರೆ ಇನ್ನೂ ಕಾಯಬೇಕು. ಅನುಮಾನ ಬಂದರೆ ಒದ್ದೆ ಬಟ್ಟೆಯಿಂದ ಒಂದು ಅಂಗೈಯಗಲ ಒರೆಸಿ, ಕಾಲು ಗಂಟೆಯೊಳಗೆ ಆ ಗುರುತು ಆರಿ ಮಾಯವಾದರೆ ಕುಂಚ ಹಿಡಿಯಬಹುದು. ಮಧ್ಯಾಹ್ನ ಮೂರು ಗಂಟೆಗೆ ಕುಂಚ ತೊಳೆದುಬಿಡಿ. “ಇನ್ನೊಂದೇ ಮಾರು ಉಳಿದಿದೆ, ಮುಗಿಸಿಬಿಡೋಣ” ಎಂಬ ಆಸೆ ಬರುತ್ತದೆ. ಆ ಒಂದು ಮಾರೇ ನಾಳೆ ಕಣ್ಣಿಗೆ ಹೊಡೆಯುವುದು. ಬೇಸಗೆಯಲ್ಲಿ ಒಂದೇ ದಿನ ಎರಡು ಸಲ ಬಳಿಯುತ್ತಿದ್ದವರು ಈಗ ದಿನಕ್ಕೆ ಒಂದೇ ಸಲ ಬಳಿಯಿರಿ.

ಇನ್ನು ನಮ್ಮತ್ತೆ ಹೇಳಿದ ಹೊತ್ತಿನ ಮಾತು. ಬೇಸಗೆಯಲ್ಲಾದರೆ ಬಿಸಿಲಿಗೆ ಬೆನ್ನು ಹಾಕಿ ನೆರಳಿನ ಗೋಡೆ ಹಿಡಿಯಬೇಕು. ಚಳಿಗಾಲದಲ್ಲಿ ಬಿಸಿಲು ತಾಕಿ ಬೆಚ್ಚಗಾದ ಗೋಡೆಯನ್ನು ಹಿಡಿಯಬೇಕು. ಮೂಡಣ ಗೋಡೆ ಮೊದಲು ಆರುತ್ತದೆ, ಅಲ್ಲಿಂದ ತೊಡಗಿ. ನಡುಹಗಲಿಗೆ ತೆಂಕಣ ಗೋಡೆ. ಪಡುವಣ ಗೋಡೆಗೆ ಬಿಸಿಲು ಬೀಳುವುದೇ ಮಧ್ಯಾಹ್ನದ ಮೇಲೆ, ಅದು ಬೆಚ್ಚಗಾಗುವಷ್ಟರಲ್ಲಿ ನಿಮ್ಮ ಮೂರು ಗಂಟೆ ಬಂದುಬಿಡುತ್ತದೆ. ಅದಕ್ಕೆ ಪಡುವಣ ಗೋಡೆಗೆ ಒಂದು ದಿನವನ್ನೇ ಬೇರೆ ಇಡಿ, ಹನ್ನೆರಡರ ಮೇಲೆ ಅದೊಂದನ್ನೇ ಮಾಡಿ. ಬಡಗಣ ಗೋಡೆಯ ಕಷ್ಟ ಬೇರೆ. ಮಾರ್ಗಶಿರ ಪುಷ್ಯಗಳಲ್ಲಿ ಸೂರ್ಯ ತೆಂಕಣಕ್ಕೆ ವಾಲಿ ಹೋಗುವುದರಿಂದ ಆ ಗೋಡೆಗೆ ದಿನವಿಡೀ ಬಿಸಿಲು ಬೀಳುವುದಿಲ್ಲ. ಹೆಚ್ಚಾಗಿ ಪಾಚಿ ಕಟ್ಟುವುದೂ ಅಲ್ಲೇ. ಬ್ಲೀಚಿಂಗ್ ಪುಡಿಯ ನೀರು ಹಚ್ಚಿ, ಪಾಚಿ ಸತ್ತ ಮೇಲೆ ಉಜ್ಜಿ ತೊಳೆದು, ಕೆಲವು ದಿನ ಆರಲು ಬಿಡಿ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಮಾತ್ರ ಎಂದೂ ಬೆರೆಸಕೂಡದು, ವಿಷದ ಗಾಳಿ ಏಳುತ್ತದೆ. ನನ್ನನ್ನು ಕೇಳಿದರೆ, ನೆಂಟರ ಕಣ್ಣಿಗೆ ಬೀಳದ ಬಡಗಣ ಗೋಡೆಯನ್ನು ಶಿವರಾತ್ರಿ ಕಳೆಯುವವರೆಗೆ ಬಿಟ್ಟುಬಿಡುವುದೇ ಮೇಲು.

ಗೋಡೆಯ ಒಳಗೆ ಮಳೆಗಾಲದ ನೀರು ಉಳಿದಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭದ ಪರೀಕ್ಷೆಯುಂಟು. ಒಂದು ಕೈವಸ್ತ್ರದಷ್ಟು ಅಗಲದ ತಿಳಿಯಾದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ತಳಭಾಗಕ್ಕೆ ಇಟ್ಟು ನಾಲ್ಕೂ ಅಂಚನ್ನು ಅಂಟುಪಟ್ಟಿಯಿಂದ ಮುಚ್ಚಿ. ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಿ. ಹಾಳೆಯ ಹೊರಮೈಮೇಲೆ ಹನಿಯಿದ್ದರೆ ಅದು ಇಬ್ಬನಿ, ಚಿಂತೆಯಿಲ್ಲ. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆಯೇ ಬೆವರುತ್ತಿದೆ ಎಂದರ್ಥ. ಅಂಥ ಗೋಡೆಗೆ ಡಬ್ಬಿಯ ಬಣ್ಣ ಬೇಡವೇ ಬೇಡ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ. ಬಚ್ಚಲಿನ ನೀರು ಗೋಡೆಯ ಬುಡಕ್ಕೆ ಹರಿಯುತ್ತಿರಬಹುದು, ಇಲ್ಲವೇ ತಿಪ್ಪೆಯನ್ನು ಗೋಡೆಗೆ ಒತ್ತಿ ಹಾಕಿರಬಹುದು. ಹೊಸದಾಗಿ ಸಿಮೆಂಟ್ ಗಿಲಾವು ಮಾಡಿಸಿದ್ದರೆ ನೀರುಣಿಸಿ ಹದಗೊಂಡು ಆರುವುದಕ್ಕೆ 28 ದಿನವಾದರೂ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು.

ಈಗ ಸುಣ್ಣದ ವಿಚಾರ. ಮಣ್ಣಿನ ಗೋಡೆಗೆ, ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ ಕಲ್ಲಿನ ಗೋಡೆಗೆ ಸುಣ್ಣದಂಥದು ಇನ್ನೊಂದಿಲ್ಲ. ಯಾಕೆ ಅಂತೀರೋ? ಮಣ್ಣಿನ ಗೋಡೆ ನೆಲದಿಂದ ನೀರು ಹೀರುತ್ತದೆ, ಮೈಯಿಂದ ಆವಿ ಬಿಡುತ್ತದೆ. ಸುಣ್ಣ ಆ ಆವಿಯನ್ನು ತಡೆಯುವುದಿಲ್ಲ. ಪ್ಲಾಸ್ಟಿಕ್ ಪೊರೆ ತಡೆಯುತ್ತದೆ. ನೀರು ಪೊರೆಯ ಹಿಂದೆ ಕೂತು ಮಣ್ಣನ್ನು ಮೆತ್ತಗೆ ಮಾಡುತ್ತದೆ, ಮಳೆಗಾಲಕ್ಕೆ ಗಿಲಾವನ್ನೇ ತಳ್ಳಿ ಕೆಡವುತ್ತದೆ. ಒಳಗೆ ಕೊಳೆಯುತ್ತಿರುವುದು ಹೊರಗೆ ಕಾಣುವುದೂ ಇಲ್ಲ. ಜೋರು ಮಳೆಯಲ್ಲಿ ಮಣ್ಣಿನ ಗೋಡೆ ಕುಸಿದು ಮಲಗಿದ್ದವರ ಮೇಲೆ ಬಿದ್ದ ಸುದ್ದಿಯನ್ನು ನಾವೆಲ್ಲ ಕೇಳಿದ್ದೇವೆ. ಬುಡ ತೇವವಾಗಿ ಸವೆಯುವುದು ಅದಕ್ಕೊಂದು ಮುಖ್ಯ ಕಾರಣ. ಇನ್ನೊಂದು ತೊಂದರೆಯುಂಟು. ಒಂದು ಸಲ ಎಮಲ್ಷನ್ ಬಳಿದ ಮೇಲೆ ಅದರ ಮೇಲೆ ಸುಣ್ಣ ಹಿಡಿಯುವುದಿಲ್ಲ. ಪುಡಿ ಏಳುವ ಹಳೆಯ ಸುಣ್ಣದ ಮೇಲೆ ಎಮಲ್ಷನ್ನೂ ನಿಲ್ಲುವುದಿಲ್ಲ. ಹೋದ ದಾರಿಯಲ್ಲಿ ಹಿಂದಕ್ಕೆ ಬರುವುದು ಕಷ್ಟ.

ಚಳಿಗಾಲ ಸುಣ್ಣಕ್ಕೆ ಒಳ್ಳೆಯ ಕಾಲವೂ ಹೌದು. ಗೂಡಿನಲ್ಲಿ ಸುಡುವಾಗ ಸುಣ್ಣದ ಕಲ್ಲಿನಿಂದ ಇಂಗಾಲಾಮ್ಲ ವಾಯು ಹೊರಗೆ ಹೋಗುತ್ತದೆ. ಗೋಡೆಗೆ ಬಳಿದ ಮೇಲೆ ಸುಣ್ಣ ಅದೇ ವಾಯುವನ್ನು ಗಾಳಿಯಿಂದ ಮತ್ತೆ ಹೀರಿಕೊಂಡು ಕಲ್ಲಾಗುತ್ತದೆ. ಇದು ನಿಧಾನದ ಕೆಲಸ, ಇದಕ್ಕೆ ಸ್ವಲ್ಪ ಪಸೆ ಬೇಕು. ಚೈತ್ರದ ಬಿಸಿಲಿನಲ್ಲಿ ಹೊಡೆದ ಸುಣ್ಣ ಕಲ್ಲಾಗುವ ಮುಂಚೆಯೇ ಒಣಗಿ, ಒರಗಿದವರ ಅಂಗಿಗೆಲ್ಲ ಹತ್ತುವುದು ಇದರಿಂದಲೇ. ಈಗಿನ ತಂಪಿನಲ್ಲಿ ಅದು ಸಾವಕಾಶವಾಗಿ ಗಟ್ಟಿಯಾಗುತ್ತದೆ. ಒಂದು ದಿನ ಕಳೆದ ಸುಣ್ಣಕ್ಕೆ ಇಬ್ಬನಿ ಉಪಕಾರವನ್ನೇ ಮಾಡುತ್ತದೆ. ಸಂಜೆ ಹೊಡೆದ ಹಸಿ ಸುಣ್ಣವನ್ನಾದರೆ ಇಳಿಸಿಬಿಡುತ್ತದೆ. ಅದಕ್ಕೆ ಸುಣ್ಣಕ್ಕೂ ಅದೇ ಮೂರು ಗಂಟೆಯ ಗಡಿ.

ಸುಣ್ಣ ಅರಳಿಸುವುದು ನಿಮಗೆ ಹೊಸದಲ್ಲ. ಆದರೂ ಎರಡು ಮಾತು. ಚೆನ್ನಾಗಿ ಸುಟ್ಟ ಸುಣ್ಣದ ಕಲ್ಲನ್ನೇ ತನ್ನಿ. ಗಾಳಿಗೆ ಬಿದ್ದು ತಾನಾಗಿ ಪುಡಿಯಾದದ್ದರಲ್ಲಿ ಕಸುವಿಲ್ಲ. ತೊಟ್ಟಿಯಲ್ಲೋ ಕಬ್ಬಿಣದ ಅಗಲ ಪಾತ್ರೆಯಲ್ಲೋ ಮೊದಲು ನೀರಿರಲಿ, ಅದಕ್ಕೆ ಕಲ್ಲನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿಂದುಬಿಡುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಆ ಶಾಖಕ್ಕೆ ಸೊಟ್ಟಗಾಗುತ್ತದೆ. ನೀರು ಕುದಿಯುವಷ್ಟು ಕಾವು ಏಳುತ್ತದೆ, ಆದ್ದರಿಂದ ಮಕ್ಕಳು ಮರಿ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಿ. ಚಳಿ ಕಾಯಿಸಲು ಬೆಚ್ಚಗಿದೆಯೆಂದು ಹುಡುಗರು ತೊಟ್ಟಿಯ ಪಕ್ಕಕ್ಕೆ ಬಂದು ಕೂರುತ್ತಾರೆ, ಎಚ್ಚರ. ಕಣ್ಣಿಗೆ ಒಂದು ಹನಿ ಸಿಡಿದರೂ ಸಾಕು, ದೃಷ್ಟಿ ಹೋಗಬಹುದು. ಸಿಡಿದ ಕೂಡಲೇ ಚೊಕ್ಕ ನೀರನ್ನು ಇಪ್ಪತ್ತು ನಿಮಿಷ ಬಿಡದೆ ಕಣ್ಣಿನೊಳಗೆ ಹರಿಸಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಣ್ಣೆ, ತುಪ್ಪ, ಎದೆಹಾಲು ಯಾವುದನ್ನೂ ಹಾಕಬೇಡಿ. ತಲೆಯ ಮೇಲಿನ ಗೋಡೆಗೆ ಹೊಡೆಯುವವರು ಕನ್ನಡಕ ಹಾಕಿಕೊಂಡರೆ ನಗಬೇಡಿ, ಅವರದೇ ಬುದ್ಧಿವಂತಿಕೆ.

ಅರಳಿದ ಸುಣ್ಣ ಒಂದು ದಿನವಾದರೂ ನೆನೆಯಲಿ. ಕಿಲೋ ಸುಣ್ಣಕ್ಕೆ ಸುಮಾರು 5 ಲೀಟರ್ ನೀರಿನ ಅಳತೆಯಲ್ಲಿ ಹಾಲಿನ ಹಾಗೆ ಕದಡಿ ಬಟ್ಟೆಯಲ್ಲಿ ಸೋಸಿ. ಹತ್ತು ಲೀಟರಿಗೆ ಸುಮಾರು 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿದರೆ ಚೆನ್ನಾಗಿ ಹಿಡಿಯುತ್ತದೆ. ಅಂಟು ಹೆಚ್ಚಾದರೆ ಸಿಪ್ಪೆ ಏಳುತ್ತದೆ, ಕೈ ಬಿಗಿಹಿಡಿಯಿರಿ. ಚಿಟಿಕೆ ಉಪ್ಪು ಸೇರಿಸುವ ವಾಡಿಕೆಯೂ ಉಂಟು, ಅದು ಸುಳ್ಳಲ್ಲ, ಗಟ್ಟಿಯಾಗಲು ಅದು ನೆರವಾಗುತ್ತದೆ. ನೀಲಿ ಹಾಕುವವರು ಕಿಲೋ ಸುಣ್ಣಕ್ಕೆ 3 ಗ್ರಾಂ ದಾಟದಿರಲಿ, ಇಲ್ಲವಾದರೆ ಮನೆ ಮುಖ ಊದಿಕೊಂಡ ಹಾಗೆ ಕಾಣುತ್ತದೆ.

ಬಳಿಯುವ ಮುಂಚೆ ಗೋಡೆಗೆ ನೀರು ಚಿಮುಕಿಸಿ. ಈಗ ತಾನೆ ಗೋಡೆ ಒಣಗಿರಬೇಕು ಅಂದೆಯಲ್ಲಾ ಅಂತೀರಿ. ಡಬ್ಬಿಯ ಬಣ್ಣಕ್ಕೆ ಒಣಗಿದ ಗೋಡೆ, ಸುಣ್ಣಕ್ಕೆ ಪಸೆಯ ಗೋಡೆ, ಎರಡರ ಜಾತಿಯೇ ಬೇರೆ. ಪಸೆ ಸಾಕು, ನೀರು ಇಳಿಯಕೂಡದು. ಕತ್ತಾಳೆ ನಾರಿನ ಕುಂಚದಿಂದ ತೆಳ್ಳಗೆ ಒಂದು ಸಲ ಅಡ್ಡಕ್ಕೆ, ಒಂದು ಸಲ ಉದ್ದಕ್ಕೆ ಎಳೆಯಿರಿ. ಹಸಿಯಾಗಿರುವಾಗ ಸುಣ್ಣ ನೀರಿನ ಹಾಗೇ ಕಾಣುತ್ತದೆ, ಗೋಡೆಯ ಹಳೆಯ ಕೊಳೆ ಇಣುಕುತ್ತದೆ. ಬೆಳ್ಳಗಾಗಲಿಲ್ಲವೆಂದು ದಪ್ಪಗೆ ಬಳಿಯಬೇಡಿ. ಆರಿದ ಹಾಗೆ ತಾನೇ ಬೆಳ್ಳಗಾಗುತ್ತದೆ. ಹೊಸ ಗೋಡೆಗೆ ಮೂರು ಸಲ, ಹಳೆಯದಕ್ಕೆ ಒಂದೆರಡು ಸಲ, ದಿನಕ್ಕೊಂದರಂತೆ ಹೊಡೆಯಿರಿ. ಕೆಳಗಿನ ಒಂದು ಮೊಳಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯುವ ನಮ್ಮ ಹೆಣ್ಣುಮಕ್ಕಳ ಪದ್ಧತಿಯನ್ನು ಬಿಡಬೇಡಿ. ಸೂರಿನ ನೀರು ಸಿಡಿದು ಕೆಸರಾಗುವ ಜಾಗ ಅದು, ಕೆಂಪಿದ್ದರೆ ಕಲೆ ಕಾಣುವುದಿಲ್ಲ, ವರುಷಕ್ಕೊಮ್ಮೆ ಅಷ್ಟನ್ನೇ ಸಾರಿಸಿಕೊಂಡರೆ ಮುಗಿಯಿತು.

ಸಿಮೆಂಟ್ ಗಿಲಾವಿನ ಮನೆಯವರು ಪುಡಿಯಾಗಿ ಬರುವ ಸಿಮೆಂಟ್ ಬಣ್ಣವನ್ನು ಬಳಿಯಬಹುದು. ಅದಕ್ಕೂ ಗೋಡೆ ಪಸೆಯಿರಬೇಕು, ಕಲಸಿದ್ದನ್ನು ಒಂದು ಗಂಟೆಯೊಳಗೆ ಮುಗಿಸಬೇಕು, ಆಮೇಲೆ ನೀರು ಚಿಮುಕಿಸಿ ಹದಗೊಳಿಸಬೇಕು.

ಬಾಗಿಲು ಕಿಟಕಿಗಳ ಎಣ್ಣೆಬಣ್ಣ ಚಳಿಗೆ ಗಟ್ಟಿಯಾಗುತ್ತದೆ. ಎಳೆಯಲು ಭಾರವೆಂದು ಅದಕ್ಕೆ ಸೀಮೆಎಣ್ಣೆ ಸುರಿಯುವವರಿದ್ದಾರೆ. ಸುರಿದರೆ ಬೇಗ ಒಣಗುವುದಿಲ್ಲ, ಹೊಳಪೂ ಸತ್ತುಹೋಗುತ್ತದೆ. ಡಬ್ಬಿಯನ್ನು ಒಂದು ಗಂಟೆ ಎಳೆಬಿಸಿಲಿನಲ್ಲಿಟ್ಟರೆ ತಾನೇ ತೆಳ್ಳಗಾಗುತ್ತದೆ. ಒಲೆಯ ಹತ್ತಿರ ಮಾತ್ರ ಇಡಕೂಡದು, ಬೆಂಕಿ ಹತ್ತುವ ಪದಾರ್ಥ. ಎಣ್ಣೆಬಣ್ಣಕ್ಕೆ ಇಬ್ಬನಿ ತಾಗಿದರೆ ಮಾರನೆ ದಿನ ಬೂದಿ ಬಳಿದ ಹಾಗೆ ಮಂಕಾಗಿರುತ್ತದೆ, ಅದಕ್ಕೆ ಹತ್ತು ಗಂಟೆಗೆ ಹಿಡಿದು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸಿ. ಹಳೆಯ ಎಣ್ಣೆಬಣ್ಣವನ್ನು ಒಣಗಿದ ಹಾಗೇ ಉಜ್ಜಿ ಧೂಳು ಎಬ್ಬಿಸಬೇಡಿ. ಮನೆಬಣ್ಣಗಳಲ್ಲಿ ಸೀಸಕ್ಕೆ ಮಿತಿ ಹಾಕಿದ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸವಿರಬಹುದು, ಆ ಧೂಳು ಎಳೆಮಕ್ಕಳ ಮಿದುಳಿಗೆ ಕೇಡು. ನೀರು ಹಚ್ಚಿ ಒದ್ದೆ ಮಾಡಿ ಉಜ್ಜಿ, ಉದುರಿದ್ದನ್ನು ಕೂಡಿಸಿ ತೆಗೆಯಿರಿ. ಕೋಳಿ ಮೇಯುವ ಹಿತ್ತಿಲಿಗೆ ಗುಡಿಸಬೇಡಿ.

ಕಣದ ಮಾತನ್ನೂ ಹೇಳಿಬಿಡುತ್ತೇನೆ. ನಿಮ್ಮ ಕಣವೋ ಪಕ್ಕದವರ ಕಣವೋ ಮನೆಗೆ ಹತ್ತಿರವಿದ್ದರೆ, ತೂರುವ ದಿನ ಬಣ್ಣಕ್ಕೆ ಕೈ ಹಾಕಬೇಡಿ. ಈ ಕಾಲದಲ್ಲಿ ಮೂಡಗಾಳಿ ಹೆಚ್ಚು, ಹೊಟ್ಟೆಲ್ಲ ಬಂದು ಹಸಿ ಗೋಡೆಗೆ ಅಂಟಿದರೆ ಗೋಡೆಗೆ ಮೀಸೆ ಬಂದ ಹಾಗೆ ಕಾಣುತ್ತದೆ. ಮೊದಲು ಕಣ ಮುಗಿಯಲಿ. ಏಣಿಯ ಮೆಟ್ಟಿಲನ್ನು ಬೆಳಗ್ಗೆ ಗೋಣಿಯಿಂದ ಒರೆಸಿಯೇ ಹತ್ತಿ, ಇಬ್ಬನಿ ಕುಡಿದ ಬಿದಿರು ಬಲು ಜಾರು.

ನಮ್ಮ ಮನೆಯ ಗೋಡೆಯ ಕಥೆ ಏನಾಯಿತು ಅಂತೀರೋ? ಎರಡು ವರುಷ ಹಿಡಿಯಿತು. ಪ್ಲಾಸ್ಟಿಕ್ ಪೊರೆಯನ್ನೆಲ್ಲ ಕೆರೆದು, ಬುಡಕ್ಕೆ ಮಣ್ಣು ಮೆತ್ತಿ, ಬಚ್ಚಲ ನೀರಿಗೆ ಬೇರೆ ಕಾಲುವೆ ತೆಗೆದು, ಹೋದ ಚಳಿಗಾಲ ಮತ್ತೆ ಸುಣ್ಣಕ್ಕೆ ಬಂದೆವು. ಹತ್ತು ಗಂಟೆಯಾಗುವವರೆಗೆ ಅತ್ತೆ ನನ್ನ ಕೈಗೆ ಕುಂಚ ಕೊಡಲಿಲ್ಲ. ಮೂರು ಹೊಡೆಯುವಷ್ಟರಲ್ಲಿ ತಾವೇ ಬಂದು ಗಡಿಗೆಯ ಬಾಯಿ ಮುಚ್ಚಿಬಿಡುತ್ತಿದ್ದರು. ಉಳಿದ ಸುಣ್ಣದ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಇಟ್ಟಿದ್ದೇವೆ. ಗಾಳಿ ತಾಗದಿದ್ದರೆ ಅದು ಕೆಡುವುದಿಲ್ಲ. ಬಡಗಣ ಗೋಡೆ ಇನ್ನೂ ಬಾಕಿ ಇದೆ, ಶಿವರಾತ್ರಿಯಾಗಲಿ ಅಂದಿದ್ದಾರೆ.